ರೇಷ್ಮೆಯ ದುಡ್ಡು, ನೀರಿನ ದಾರಿ: ನಾನ್‌ಶೂನ್‌ನ ದೊಡ್ಡಮನೆಗಳನ್ನು ನೋಡುವ ಮುನ್ನ

ಜಾಂಗ್ ಶಿಮಿಂಗ್ ಎಂಬ ರೇಷ್ಮೆ ಮನೆತನದ ಶ್ರೀಮಂತನ ಮನೆಗೆ ಕಾಲಿಟ್ಟವರಿಗೆ ಮೊದಲ ಕಾಲು ಗಂಟೆ ಯಾವ ಅಚ್ಚರಿಯೂ ಎದುರಾಗುವುದಿಲ್ಲ. ಎತ್ತರದ ಹೊಸ್ತಿಲು, ಕಲ್ಲು ಹಾಸಿದ ತೊಟ್ಟಿ, ಕೆತ್ತನೆಯ ತೊಲೆ, ಗೋಡೆಗೆ ತೂಗುಬಿಟ್ಟ ಬರಹದ ಪಟ, ಎದುರುಬದುರು ಜೋಡಿಸಿದ ಕರಿಮರದ ಕುರ್ಚಿಗಳು. ಸಿನಿಮಾಗಳಲ್ಲಿ ನೋಡಿ ಗೊತ್ತಿರುವ ಚೀನಾ ಅದು. ಒಂದು ತೊಟ್ಟಿ ದಾಟಿದರೆ ಇನ್ನೊಂದು, ಅದರಾಚೆ ಮತ್ತೊಂದು. ಒಳಗೆ ಹೋದಹಾಗೆ ಕಿಟಕಿಗಳಲ್ಲಿ ನೀಲಿ ಗಾಜು ಕಾಣಿಸತೊಡಗುತ್ತದೆ. ಗಾಜಿನ ಮೇಲೆ ಹೂವು ಹಣ್ಣುಗಳನ್ನು ನವಿರಾಗಿ ಕೊರೆದಿದ್ದಾರೆ. ಕೊನೆಯ ಬಾಗಿಲು ದಾಟುತ್ತಲೇ ದೃಶ್ಯವೇ ಬದಲು: ಕೆಂಪು ಇಟ್ಟಿಗೆಯ ಗೋಡೆ, ಕಮಾನು ಕಿಟಕಿ, ಎಲೆಬಳ್ಳಿಯ ತಲೆಕಟ್ಟಿನ ಗ್ರೀಕ್ ಮಾದರಿಯ ಕಂಬಗಳು, ಬೆಂಕಿಗೂಡು, ನೆಲಕ್ಕೆ ಫ್ರಾನ್ಸಿನಿಂದ ತರಿಸಿದ ಚಿತ್ತಾರದ ಟೈಲುಗಳು. ಯುರೋಪಿನವರಂತೆ ಜೋಡಿಜೋಡಿಯಾಗಿ ಕುಣಿಯಲು ಕಟ್ಟಿಸಿದ ಹಜಾರ ಅದು.

ಮನೆ ಕಟ್ಟಲು ಶುರುವಾದದ್ದು 1899ರಲ್ಲಿ, ಮುಗಿದದ್ದು 1906ರಲ್ಲಿ. ಆಗಿನ್ನೂ ಬೀಜಿಂಗ್‌ನಲ್ಲಿ ಚಕ್ರವರ್ತಿ ಸಿಂಹಾಸನದ ಮೇಲಿದ್ದ. ಗಂಡಸರು ಬೆನ್ನುದ್ದ ಜಡೆ ಬಿಡಬೇಕಿತ್ತು. ಅನುಕೂಲಸ್ಥ ಮನೆತನಗಳಲ್ಲಿ ಹೆಣ್ಣುಮಕ್ಕಳ ಪಾದ ಕಟ್ಟುವ ಪದ್ಧತಿ ನಿಂತಿರಲಿಲ್ಲ. ಅಂಥ ಕಾಲದಲ್ಲಿ, ಗಾಡಿರಸ್ತೆಗಿಂತ ಕಾಲುವೆಯನ್ನೇ ನಂಬಿದ್ದ ಒಂದು ಪೇಟೆಯಲ್ಲಿ, 244 ಕೋಣೆಗಳ ಮನೆಯ ಹಿತ್ತಿಲಿಗೆ ಪ್ಯಾರಿಸ್ಸಿನ ಮಾದರಿಯ ಹಜಾರ ಬಂತು ಅಂದರೆ ಅದಕ್ಕೊಂದು ಲೆಕ್ಕ ಇರಲೇಬೇಕು.

ಚೆಜಿಯಾಂಗ್ ಪ್ರಾಂತ್ಯದ ಹೂಜೋ ನಗರಕ್ಕೆ ಸೇರಿದ ಈ ಪೇಟೆಯ ಹೆಸರು ನಾನ್‌ಶೂನ್. ಶಾಂಘೈನಿಂದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್. ಪ್ರವಾಸಿ ಕರಪತ್ರಗಳು ಇದನ್ನು, ಇದರ ಅಕ್ಕಪಕ್ಕದ ಜೋಜ್ವಾಂಗ್, ವುಜೆನ್, ತೊಂಗ್‌ಲಿ, ಶಿತಾಂಗ್‌ಗಳನ್ನು ‘ಸಾವಿರ ವರ್ಷದ ನೀರೂರು’ ಎಂದು ಒಂದೇ ಪಟ್ಟಿಗೆ ಸೇರಿಸಿಬಿಡುತ್ತವೆ. ಊರಿನ ಮಟ್ಟಿಗೆ ಆ ಮಾತು ತೀರಾ ಸುಳ್ಳಲ್ಲ. ನಾನ್‌ಶೂನ್‌ಗೆ ಪೇಟೆಯ ಸ್ಥಾನ ಸಿಕ್ಕಿದ್ದು 1252ರಲ್ಲಿ. ಆದರೆ ಜನ ದುಡ್ಡು ಕೊಟ್ಟು ನೋಡುವ ದೊಡ್ಡಮನೆಗಳ ಕಥೆ ಬೇರೆ. ಅವು ನಮ್ಮ ಮುತ್ತಜ್ಜಂದಿರ ಕಾಲದವು. 1843ರಿಂದ 1920ರ ದಶಕದವರೆಗಿನ ಎಂಬತ್ತು ವರ್ಷಗಳಲ್ಲಿ, ಲಿಯೋನ್ ಮತ್ತು ಲಂಡನ್ನಿನ ಪೇಟೆಗಳಲ್ಲಿ ಕಚ್ಚಾ ರೇಷ್ಮೆಗೆ ಸಿಕ್ಕ ಬೆಲೆಯೇ ಇಲ್ಲಿ ಗೋಡೆ, ಮಾಡು, ಕೆತ್ತನೆಗಳಾಗಿ ನಿಂತಿದೆ. ಹಾಗೆಂದು ತಿಳಿದು ನೋಡಿದರೆ ಈ ಊರು ಎಷ್ಟೋ ಹೆಚ್ಚು ಮಾತಾಡುತ್ತದೆ ಎನ್ನುವುದು ನನ್ನ ಅನಿಸಿಕೆ.

ಮೊದಲು ನೀರಿನ ವಿಚಾರ. ಯಾಂಗ್ಸಿ ನದಿ ಸಮುದ್ರ ಸೇರುವ ಬಯಲಿನ ದಕ್ಷಿಣ ಭಾಗದಲ್ಲಿ ತಾಯ್‌ಹೂ ಸರೋವರವಿದೆ. ವಿಸ್ತಾರ 2,000 ಚದರ ಕಿಲೋಮೀಟರಿಗೂ ಹೆಚ್ಚು, ಆಳ ಮಾತ್ರ ಸರಾಸರಿ 2 ಮೀಟರಿನಷ್ಟು. ಸುತ್ತಲಿನ ನೆಲ ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರ್ ಮೇಲಿದೆ. ಬಿದ್ದ ಮಳೆಗೆ ಎಲ್ಲಿಗೆ ಹೋಗಬೇಕೆಂದೇ ತಿಳಿಯದಂಥ ಚಪ್ಪಟೆ ಜೌಗು. ಬೇಸಾಯ ಮಾಡಬೇಕೆಂದರೆ ಕಾಲುವೆ ತೋಡಿ ನೀರನ್ನು ಒಂದು ಕಡೆ ಎಳೆಯಬೇಕು, ತೋಡಿದ ಮಣ್ಣನ್ನು ಏರಿ ಹಾಕಬೇಕು, ಏರಿಯ ಒಳಗಿನ ನೆಲದಲ್ಲಿ ಬತ್ತ ಬೆಳೆಯಬೇಕು. ಸರೋವರದ ದಕ್ಷಿಣ ದಂಡೆಯ ಜನ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಮಾಡುತ್ತಾ ಬಂದದ್ದು ಇದನ್ನೇ. ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ ಸರೋವರಕ್ಕೆ ಇಳಿಯುವ ಆ ಕಾಲುವೆಗಳ ವ್ಯವಸ್ಥೆಯನ್ನು ಅಂತರರಾಷ್ಟ್ರೀಯ ನೀರಾವರಿ ಆಯೋಗ 2016ರಲ್ಲಿ ಪಾರಂಪರಿಕ ನೀರಾವರಿ ಕಾಮಗಾರಿಗಳ ಪಟ್ಟಿಗೆ ಸೇರಿಸಿತು.

ಬಸಿಗಾಲುವೆಯೇ ಕ್ರಮೇಣ ರಸ್ತೆಯಾಯಿತು. ಇಳಿಜಾರಿಲ್ಲದ ನೀರಿಗೆ ಸೆಳೆತವಿಲ್ಲ. ದೋಣಿ ಹೋಗುವಾಗಲೂ ಬರುವಾಗಲೂ ಹೆಚ್ಚುಕಡಿಮೆ ಅಷ್ಟೇ ಶ್ರಮ. ಹಿಂಬದಿಯ ಒಂದೇ ಉದ್ದ ಹುಟ್ಟನ್ನು ಆಚೆ ಈಚೆ ಆಡಿಸುತ್ತಾ ಒಬ್ಬನೇ ಮನುಷ್ಯ ಗಾಡಿಗಟ್ಟಲೆ ಸರಕು ಸಾಗಿಸಬಹುದು. ಕಾಲುವೆ ಕೂಡುವ ಕಡೆಯಲ್ಲೆಲ್ಲ ಸಂತೆ ಹುಟ್ಟಿತು, ಸಂತೆ ಬೆಳೆದು ಪೇಟೆಯಾಯಿತು. ನಾನ್‌ಶೂನ್‌ನ ಮಧ್ಯೆ ಹಾಯುವ ದಿತಾಂಗ್ ಕಾಲುವೆ ಹೂಜೋವನ್ನು ಚೀನಾದ ಮಹಾಕಾಲುವೆಗೆ ಜೋಡಿಸುತ್ತದೆ. ಯುನೆಸ್ಕೊ 2014ರಲ್ಲಿ ಮಹಾಕಾಲುವೆಯನ್ನು ವಿಶ್ವಪರಂಪರೆ ಎಂದು ಘೋಷಿಸಿದಾಗ ಈ ಪೇಟೆಯೂ ಅದರ ಅಂಗವಾಗಿ ಸೇರಿಕೊಂಡಿತು.

ಫೋಟೊಗಳಲ್ಲಿ ಎಲ್ಲರೂ ಮೆಚ್ಚುವ ಗೂನುಬೆನ್ನಿನ ಕಲ್ಲುಸೇತುವೆಗೂ ಇದೇ ಕಾರಣ. ಸೇತುವೆಯ ಕೆಳಗೆ ಹೇರು ತುಂಬಿದ ದೋಣಿ ಹಾಯಬೇಕು, ಆದ್ದರಿಂದ ಕಮಾನು ಎತ್ತರ. ಮೇಲೆ ನಡೆಯುವವರು ಮನುಷ್ಯರು ಮಾತ್ರ, ಆದ್ದರಿಂದ ಮೆಟ್ಟಿಲು. ಸರಕೆಲ್ಲ ನೀರಿನ ಮೇಲೆ ಹೋಗುವ ಊರಿನಲ್ಲಿ ಚಕ್ರ ಉರುಳುವ ಸೇತುವೆ ಯಾರಿಗೂ ಬೇಕಿರಲಿಲ್ಲ. ನೀರಂಚಿನ ಕಲ್ಲುಗಳಲ್ಲಿ ದೋಣಿಯ ಹಗ್ಗ ಕಟ್ಟಲು ಕೊರೆದ ತೂತುಗಳನ್ನೂ, ಪ್ರತಿ ಮನೆಯಿಂದ ನೀರಿಗಿಳಿಯುವ ಮೆಟ್ಟಿಲನ್ನೂ ಹುಡುಕಿ ನೋಡಿ. ಬೀದಿ ಬಾಗಿಲು ನೆಂಟರಿಗೆ, ನೀರಿನ ಬಾಗಿಲು ವ್ಯವಹಾರಕ್ಕೆ. ಅಕ್ಕಿ, ಸೌದೆ, ರೇಷ್ಮೆ ಎಲ್ಲವೂ ಓಡಾಡಿದ್ದು ಎರಡನೆಯದರಲ್ಲಿ.

ಇನ್ನು ರೇಷ್ಮೆ. ಜೌಗು ನೆಲದಲ್ಲಿ ಕೆರೆ ತೋಡಿದರೆ ಸುತ್ತ ಏರಿ ಏಳುತ್ತದೆ. ಏರಿಯ ಮೇಲೆ ಹಿಪ್ಪುನೇರಳೆ ನೆಟ್ಟರು. ಸೊಪ್ಪು ಹುಳುವಿಗೆ, ಹುಳುವಿನ ಹಿಕ್ಕೆ ಮತ್ತು ಸೊಪ್ಪಿನ ಕಸ ಕೆರೆಯ ಮೀನಿಗೆ, ಮೀನಿನ ಗೊಬ್ಬರ ಬೆರೆತ ಹೂಳನ್ನು ಬಾಚಿ ಮತ್ತೆ ಹಿಪ್ಪುನೇರಳೆಯ ಬುಡಕ್ಕೆ. ಹೊರಗಿನಿಂದ ಹಾಕಬೇಕಾದದ್ದು ಕಡಿಮೆ, ಒಳಗೆ ವ್ಯರ್ಥವಾಗುವುದು ಇನ್ನೂ ಕಡಿಮೆ. ಹೂಜೋದ ಈ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2017ರಲ್ಲಿ ಜಾಗತಿಕ ಕೃಷಿ ಪರಂಪರೆಗಳಲ್ಲಿ ಒಂದೆಂದು ಗುರುತಿಸಿತು. ‘ಸಾವಯವ’ ಎಂಬ ಮಾತು ಕೇಳಿದರೇ ಮೂಗು ಮುರಿಯುವವರು ಕೂಡ ಒಪ್ಪಬೇಕಾದ ಜಾಣತನ ಇದು. ಯಾವ ಸಿದ್ಧಾಂತಕ್ಕೂ ಅಂಟಿಕೊಳ್ಳದೆ, ಬರೀ ಜಾಗದ ಅಭಾವದಿಂದ ಹುಟ್ಟಿದ್ದು.

ನಾನ್‌ಶೂನ್‌ಗೆ ಹತ್ತಿರದ ಜಿಲಿ ಎಂಬ ಹಳ್ಳಿಯ ನೂಲಿಗೆ ವಿಶೇಷ ಹೆಸರಿತ್ತು. ಬಿಳುಪು, ತೆಳುಪು, ಗಟ್ಟಿತನ ಮೂರೂ ಅದಕ್ಕಿತ್ತು. ಎಂಟು ತಾಮ್ರದ ನಾಣ್ಯ ತೂಗುಬಿಟ್ಟರೂ ಎಳೆ ಹರಿಯದು ಎಂದು ವ್ಯಾಪಾರಿಗಳು ಹೊಗಳಿಕೊಳ್ಳುತ್ತಿದ್ದರು. ಊರ ಹೊಳೆಯ ತಿಳಿನೀರು ಅದಕ್ಕೆ ಕಾರಣ ಎಂದು ಕೆಲವರು, ಹೆಂಗಸರ ಕೈಚಳಕ ಎಂದು ಕೆಲವರು. ಗೂಡು ಬೇಯಿಸಿ ನೂಲು ಬಿಚ್ಚಿದವರಿಗೆ ಎರಡೂ ಬೇಕೆಂಬುದು ಗೊತ್ತಿರುತ್ತದೆ: ನೀರು ಕೆಟ್ಟರೆ ಬಣ್ಣ ಕೆಡುತ್ತದೆ, ಕೈ ಕೆಟ್ಟರೆ ಎಳೆ ದಪ್ಪ ತೆಳು ಆಗುತ್ತದೆ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೆ ಶಾಂಘೈನ ವ್ಯಾಪಾರಿ ಶೂ ರೊಂಗ್‌ತ್ಸುನ್ ಹೂಜೋ ರೇಷ್ಮೆಯ 12 ಮೂಟೆ ಕಳಿಸಿದ. ಅದಕ್ಕೆ ಪದಕವೂ ಬಂತು.

ಆದರೆ ಒಳ್ಳೆಯ ನೂಲು ನೂರಾರು ವರ್ಷಗಳಿಂದ ಇತ್ತು. ಇದ್ದಕ್ಕಿದ್ದಂತೆ ಕೋಟ್ಯಧೀಶರು ಹುಟ್ಟಿದ್ದು ಹೇಗೆ? 1757ರಿಂದ ಪಾಶ್ಚಾತ್ಯರೊಡನೆ ವ್ಯಾಪಾರಕ್ಕೆ ಚೀನಾದ ದೊರೆಗಳು ತೆರೆದಿಟ್ಟಿದ್ದದ್ದು ದಕ್ಷಿಣದ ತುದಿಯ ಕ್ಯಾಂಟನ್ ಬಂದರೊಂದನ್ನೇ. ಹೂಜೋದ ರೇಷ್ಮೆ ಹೊಳೆ ಹತ್ತಿ, ಘಟ್ಟ ಇಳಿದು, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕಿತ್ತು. ದಾರಿಯುದ್ದ ಸುಂಕ, ದಲ್ಲಾಳಿ, ಕೂಲಿ. ಮೊದಲ ಅಫೀಮು ಯುದ್ಧದಲ್ಲಿ ಸೋತ ಚೀನಾ 1842ರ ಒಪ್ಪಂದದ ಪ್ರಕಾರ ಇನ್ನೂ ನಾಲ್ಕು ಬಂದರು ಬಿಟ್ಟುಕೊಡಬೇಕಾಯಿತು. ಅವುಗಳಲ್ಲಿ ಶಾಂಘೈ 1843ರ ನವೆಂಬರ್‌ನಲ್ಲಿ ತೆರೆಯಿತು. ದೇಶಕ್ಕೆ ಅವಮಾನ, ನಾನ್‌ಶೂನ್‌ಗೆ ಲಾಟರಿ. ತನ್ನ ಹಿತ್ತಿಲ ಕಾಲುವೆಯಿಂದ ನೇರ ದೋಣಿಯಲ್ಲಿ ಹೋಗಬಹುದಾದ ಕಡೆಗೆ ಇಡೀ ಜಗತ್ತಿನ ಗಿರಾಕಿ ಬಂದು ಕೂತಿದ್ದ.

ಈ ವ್ಯಾಪಾರದಲ್ಲಿ ಹಿಂದೂಸ್ಥಾನದ ಪಾಲು ಸಣ್ಣದಲ್ಲ, ಮತ್ತು ಅದು ಹೆಮ್ಮೆಪಡುವಂಥದೂ ಅಲ್ಲ. ಬ್ರಿಟಿಷರು ಚೀನಾದ ರೇಷ್ಮೆ, ಚಹಾಕ್ಕೆ ಬೆಳ್ಳಿ ತೆರುವ ಬದಲು ಬಂಗಾಳದ ಮತ್ತು ಮಾಳವದ ಅಫೀಮು ಮಾರಿ ಲೆಕ್ಕ ಸರಿದೂಗಿಸಿಕೊಂಡರು. ಕಲ್ಕತ್ತೆಯ ಹರಾಜಿನಲ್ಲಿ ಕೊಂಡ, ಮುಂಬಯಿಯಲ್ಲಿ ಹಡಗು ಹತ್ತಿಸಿದ ಪೆಟ್ಟಿಗೆಗಳು ಶಾಂಘೈನಲ್ಲಿ ಇಳಿದವು. ಮುಂಬಯಿಯ ಸಸೂನ್ ಮನೆತನ ಅಲ್ಲಿ ಕೋಠಿ ತೆರೆದದ್ದು ಈ ವ್ಯಾಪಾರಕ್ಕಾಗಿಯೇ. ಹಿಂದಿರುಗುವ ಹಡಗುಗಳಿಗೆ ರೇಷ್ಮೆ ಮೂಟೆ ಏರಿತು. ನಾನ್‌ಶೂನ್‌ನ ಮಾರ್ಗದರ್ಶಿಗಳು ಇದನ್ನು ಎತ್ತುವುದು ಕಡಿಮೆ. ನೋಡುವ ಭಾರತೀಯರಿಗಾದರೂ ನೆನಪಿರಬೇಕು.

ಅದೃಷ್ಟ ಇಷ್ಟಕ್ಕೇ ನಿಲ್ಲಲಿಲ್ಲ. 1850ರ ದಶಕದಲ್ಲಿ ಫ್ರಾನ್ಸ್, ಇಟಲಿಗಳ ರೇಷ್ಮೆಹುಳುವಿಗೆ ಪೆಬ್ರಿನ್ ರೋಗ ಬಡಿಯಿತು. ನಮ್ಮ ಬೆಳೆಗಾರರಿಗೆ ಗಂಟುರೋಗ ಎಂದರೆ ಗೊತ್ತಾಗುತ್ತದೆ. ಮೊಟ್ಟೆಯಲ್ಲೇ ಕೂತು ಮುಂದಿನ ಪೀಳಿಗೆಗೆ ದಾಟುವ ಪಿಡುಗು. 1853ರಲ್ಲಿ 2.6 ಕೋಟಿ ಕಿಲೋ ಇದ್ದ ಫ್ರಾನ್ಸಿನ ಗೂಡಿನ ಇಳುವರಿ 1865ರ ಹೊತ್ತಿಗೆ 40 ಲಕ್ಷ ಕಿಲೋಗೆ ಕುಸಿಯಿತು. ಅದೇ ವರ್ಷ ಲೂಯಿ ಪಾಶ್ಚರ್ ಈ ರೋಗದ ಬೆನ್ನುಹತ್ತಿದ. ಅವನ ಪರಿಹಾರ ರೈತರ ಕೈಗೆ ಬರುವ ತನಕ ಲಿಯೋನ್‌ನ ಮಗ್ಗಗಳು ಸುಮ್ಮನಿರಲಾದೀತೆ? ಹೊರಗಿನ ನೂಲಿಗೆ ಎಂಥ ಬೆಲೆಯನ್ನಾದರೂ ಕೊಟ್ಟವು.

ಊರಿನಲ್ಲಿ ದುಬಾಷಿಗಳ ಒಂದು ಹೊಸ ವರ್ಗವೇ ಎದ್ದಿತು. ಮುರುಕಲು ಇಂಗ್ಲಿಷ್ ಕಲಿತು, ಹಳ್ಳಿಯ ನೂಲಿಗೂ ಶಾಂಘೈನ ವಿದೇಶಿ ಕಂಪನಿಗೂ ನಡುವೆ ನಿಂತು, ಎರಡೂ ಕಡೆಯಿಂದ ದಲ್ಲಾಳಿ ಪಡೆದವರು. ಲಿಯು ಯೊಂಗ್ ಎಂಬುವನು ಹುಡುಗನಾಗಿದ್ದಾಗ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮುದುಕನಾಗುವಾಗ ಜಿಲ್ಲೆಗೇ ದೊಡ್ಡ ಸಾಹುಕಾರ. ಜನ ಲೇವಡಿಯೋ ಅಸೂಯೆಯೋ ಎಂದು ಹೇಳಲಾಗದಂತೆ ಈ ಹೊಸ ಶ್ರೀಮಂತರನ್ನು ಮೈಗಾತ್ರದ ಮೇಲೆ ವಿಂಗಡಿಸಿದರು: ನಾಲ್ಕು ಆನೆ, ಎಂಟು ಎತ್ತು, ಎಪ್ಪತ್ತೆರಡು ಬಂಗಾರದ ನಾಯಿ. ಲಿಯು, ಜಾಂಗ್, ಪಾಂಗ್, ಗು ಮನೆತನಗಳು ಆನೆಗಳು. ಆದಾಯ ತೆರಿಗೆ ಇಲಾಖೆ ಇಲ್ಲದ ಕಾಲದಲ್ಲಿ ಊರ ಕಟ್ಟೆಯ ಅಂದಾಜೇ ಆಸ್ತಿ ಪಟ್ಟಿ.

ಆನೆಗಳು ರೇಷ್ಮೆಯನ್ನೇ ನಂಬಿ ಕೂರಲಿಲ್ಲ. 1860ರ ದಶಕದ ಆರಂಭದಲ್ಲಿ ತಾಯ್‌ಪಿಂಗ್ ದಂಗೆಯ ಬೆಂಕಿ ಈ ಸೀಮೆಯನ್ನು ಸುಟ್ಟಾಗ ಶ್ರೀಮಂತರು ಶಾಂಘೈನ ವಿದೇಶಿ ವಸಾಹತಿಗೆ ಓಡಿ ಜೀವ ಉಳಿಸಿಕೊಂಡರು, ಅಲ್ಲೇ ಜಾಗವನ್ನೂ ಕೊಂಡರು. ದಂಗೆ ಅಡಗಿದ ಮೇಲೆ ಉಪ್ಪಿನ ಪರವಾನಗಿ, ಗಿರವಿ ಅಂಗಡಿ, ಬಾಡಿಗೆ ಮನೆ, ಹಡಗುಕಟ್ಟೆ ಹೀಗೆ ಹಣವನ್ನು ಹರಡಿದರು. ಹರಡದೆ ಹೋದವನ ಗತಿ ಏನಾಯಿತೆಂದು ನೋಡಬೇಕಾದರೆ ಹಾಂಗ್‌ಜೋ ನಗರದ ಹೂ ಶುವೆಯಾನ್‌ನ ಮನೆಗೆ ಹೋಗಬೇಕು. ಬ್ಯಾಂಕರ್ ಆಗಿದ್ದ ಈ ಮಹಾಶಯ 1882–83ರಲ್ಲಿ ಮಾರುಕಟ್ಟೆಯ ಕಚ್ಚಾ ರೇಷ್ಮೆಯನ್ನು ರಾಶಿ ರಾಶಿಯಾಗಿ ಕೊಂಡು ದಾಸ್ತಾನಿಟ್ಟು, ವಿದೇಶಿ ಕಂಪನಿಗಳು ತಾನು ಹೇಳಿದ ಬೆಲೆಗೆ ಬರಲಿ ಎಂದು ಕಾದ. ಆದರೆ ಅಷ್ಟರಲ್ಲಿ ಶಾಂಘೈಗೆ ತಂತಿ ಬಂದಿತ್ತು. ಯುರೋಪಿನ ಫಸಲಿನ ಸುದ್ದಿ ಕಂಪನಿಗಳಿಗೆ ಕೂತಲ್ಲೇ ತಿಳಿಯುತ್ತಿತ್ತು. ಇಟಲಿಯಲ್ಲಿ ಗೂಡು ಚೆನ್ನಾಗಿ ಬಂತು. ಹೂ ಮಾರಲೇಬೇಕಾಯಿತು, ಅದೂ ಭಾರಿ ನಷ್ಟಕ್ಕೆ. ಅವನ ಹಣಕಾಸು ಅಂಗಡಿಗಳು ಒಂದೊಂದಾಗಿ ಮುಚ್ಚಿದವು, 1885ರಲ್ಲಿ ಅವನೂ ತೀರಿಕೊಂಡ.

ಈಗ ಮನೆಯೊಳಕ್ಕೆ ಹೋಗೋಣ. ಈ ಸೀಮೆಯ ದೊಡ್ಡಮನೆಗಳ ಮುಂಭಾಗ ಬೀದಿಯಿಂದ ನೋಡಿದರೆ ನಿರಾಸೆಯಾಗುತ್ತದೆ. ಬಿಳಿ ಸುಣ್ಣದ ಗೋಡೆ, ಒಂದು ಬಾಗಿಲು, ಅಷ್ಟೆ. ಅಗಲ ಕಡಿಮೆ, ಉದ್ದ ಮಾತ್ರ ಒಳಗೊಳಗೇ ಬೆಳೆಯುತ್ತದೆ. ಜೋಜ್ವಾಂಗ್‌ನ ಶೆನ್ ಮನೆ ಏಳು ತೊಟ್ಟಿಗಳಷ್ಟು ಆಳ, ನೂರಕ್ಕೂ ಹೆಚ್ಚು ಕೋಣೆ. ಬೀದಿಯಂಚಿನ, ನೀರಂಚಿನ ಜಾಗ ದುಬಾರಿ ಎನ್ನುವುದು ಒಂದು ಕಾರಣ. ಇನ್ನೊಂದು ಕಾನೂನು. ಮಿಂಗ್ ಚಕ್ರವರ್ತಿಯ 1393ರ ಕಟ್ಟಳೆಯ ಪ್ರಕಾರ ಪದವಿ ಇಲ್ಲದ ಸಾಮಾನ್ಯನ ಮನೆ ಮೂರು ಅಂಕಣ ಮೀರುವಂತಿಲ್ಲ, ಮಾಡಿನ ಕೆಳಗೆ ಅರಮನೆಯಂಥ ಬೋದಿಗೆ ಜೋಡಣೆ ಇರಕೂಡದು, ಬಣ್ಣದ ಚಿತ್ತಾರ ಕೂಡದು. ವ್ಯಾಪಾರಿ ಎಷ್ಟೇ ಶ್ರೀಮಂತನಾದರೂ ಲೆಕ್ಕಕ್ಕೆ ಸಾಮಾನ್ಯನೇ. ಆದರೆ ಮೂರು ಅಂಕಣದ ಮನೆಯ ಹಿಂದೆ ಇನ್ನೊಂದು ಮೂರು ಅಂಕಣದ ಮನೆ, ಅದರ ಹಿಂದೆ ಮತ್ತೊಂದು ಕಟ್ಟಬಾರದೆಂದು ಯಾರು ಹೇಳಿದರು? ಬಣ್ಣ ಬೇಡವೆಂದರೆ ಮರದ ಕೆತ್ತನೆ, ಇಟ್ಟಿಗೆಯ ಕೆತ್ತನೆ. ನೂರಾರು ವರ್ಷ ಕಾನೂನಿನ ಸಂದಿಯಲ್ಲಿ ನುಸುಳಿ ರೂಢಿಯಾದ ವಿನ್ಯಾಸ, ಕಾನೂನು ಸಡಿಲಾದ ಮೇಲೂ ಉಳಿದುಕೊಂಡಿತು.

ಸಾಮಾನ್ಯ ಕ್ರಮ ಇದು: ಮೊದಲು ಬಾಗಿಲ ಕೋಣೆ, ಆಮೇಲೆ ಪಲ್ಲಕ್ಕಿ ಇಳಿಸುವ ಪಡಸಾಲೆ, ನಂತರ ಅತಿಥಿಗಳ ದೊಡ್ಡ ಹಜಾರ, ಅದರ ಹಿಂದೆ ಎರಡಂತಸ್ತಿನ ಹೆಂಗಸರ ಮನೆ, ಕೊನೆಗೆ ಅಡುಗೆಮನೆ. ಎರಡೆರಡರ ನಡುವೆ ಒಂದು ತೊಟ್ಟಿ. ನಾಲ್ಕೂ ಮಾಡಿನ ಮಳೆನೀರು ಒಳಕ್ಕೇ ಸುರಿಯುತ್ತದೆ, ಲಕ್ಷ್ಮಿ ಹೊರಗೆ ಹರಿದುಹೋಗಬಾರದೆಂಬ ನಂಬಿಕೆಗೂ ಅದು ಸರಿ, ಗಾಳಿ ಬೆಳಕಿಗೂ ಸರಿ. ದೊಡ್ಡ ಹಜಾರದಲ್ಲಿ ನಿಂತು ಬಂದ ದಾರಿಯ ಕಡೆಗೆ ತಿರುಗಿ ನೋಡಿ. ಬರುವಾಗ ಬೋಳಾಗಿ ಕಂಡ ಬಾಗಿಲಿನ ಒಳಮೈ ತುಂಬ ಇಟ್ಟಿಗೆಯಲ್ಲಿ ಕೊರೆದ ನಾಟಕದ ದೃಶ್ಯಗಳು, ಬಿದಿರು, ಪೈನ್, ಕುದುರೆ, ಜಿಂಕೆ. ಬೆರಳುದ್ದದ ಮನುಷ್ಯರಿಗೂ ಮುಖಭಾವವಿದೆ. ಇಷ್ಟು ದುಬಾರಿ ಕೆಲಸವನ್ನು ಬೀದಿಗೆ ಬೆನ್ನು ಮಾಡಿ ಮಾಡಿಸಿದ್ದಾರೆ. ಯಜಮಾನನೂ ಅವನು ಕೂರಿಸಿಕೊಂಡ ಅತಿಥಿಯೂ ನೋಡಿದರೆ ಸಾಕು. ತೆರಿಗೆಯವನು, ದರೋಡೆಕಾರ, ಅಸೂಯೆಯ ನೆರೆಯವ ನೋಡುವುದು ಬೇಡ.

ಬಹಳ ಜನ ಗಮನಿಸದೆ ಹೋಗುವ ಭಾಗ ಮನೆಯ ಪಕ್ಕದ ಓಣಿ. ಎರಡು ಎತ್ತರದ ಗೋಡೆಗಳ ನಡುವೆ, ಮುಂಬಾಗಿಲಿನಿಂದ ಹಿತ್ತಿಲಿನವರೆಗೆ ಸೀದಾ ಹೋಗುವ ಕತ್ತಲ ದಾರಿ ಅದು. ಎದುರಿನಿಂದ ಯಾರಾದರೂ ಬಂದರೆ ಮೈ ಓರೆ ಮಾಡಬೇಕು. ಹಜಾರದಲ್ಲಿ ಗಂಡಸರ ಮಾತುಕತೆ ನಡೆಯುವಾಗ ಆಳುಕಾಳು ಓಡಾಡಿದ್ದು, ಮನೆಯ ಹೆಂಗಸರು ಹೊರಗೆ ಬಂದದ್ದು, ಬಿಸಿನೀರು, ಸೌದೆ, ಮಲದ ಮಡಕೆ ಹೋಗಿಬಂದದ್ದು ಈ ಓಣಿಯಲ್ಲಿ. ಮನೆಯ ನಿಜವಾದ ಗಾತ್ರ ಗೊತ್ತಾಗುವುದೂ ಇಲ್ಲೇ. ಕೈಯಲ್ಲಿ ಧ್ವಜ ಹಿಡಿದ ಮಾರ್ಗದರ್ಶಿಯ ಹಿಂದೆ ಗುಂಪು ಹಜಾರದಿಂದ ಹಜಾರಕ್ಕೆ ಸಾಗುವಾಗ, ಅವಕಾಶ ಸಿಕ್ಕರೆ, ಒಮ್ಮೆ ಆಳುಗಳ ದಾರಿಯಲ್ಲಿ ಹೋಗಿ ನೋಡಬೇಕು.

ದುಡ್ಡು ಬಂದ ಮೇಲೆ ಎರಡನೆಯ, ಮೂರನೆಯ ತಲೆಮಾರಿಗೆ ಬೇಕಾದದ್ದು ಮರ್ಯಾದೆ. ಚೀನಾದಲ್ಲಿ ಮರ್ಯಾದೆ ಎಂದರೆ ಓದು, ಪುಸ್ತಕ, ಚಿತ್ರ, ಹಳೆಯ ಕಂಚು. ಪಾಂಗ್ ಮನೆತನದ ಪಾಂಗ್ ಯುವಾನ್‌ಜಿ ಕಲೆಹಾಕಿದ ಹಳೆಯ ಚಿತ್ರಗಳು ಇವತ್ತು ಶಾಂಘೈ, ನಾನ್‌ಜಿಂಗ್‌ಗಳ ವಸ್ತುಸಂಗ್ರಹಾಲಯಗಳಲ್ಲಿವೆ. ಕೆಲವು ವಾಷಿಂಗ್ಟನ್‌ನ ಫ್ರೀರ್ ಗ್ಯಾಲರಿಗೂ ಹೋಗಿವೆ. ಬಟ್ಟೆ ಅಂಗಡಿ ಹುಡುಗ ಲಿಯು ಯೊಂಗ್‌ನ ಮೊಮ್ಮಗ ಲಿಯು ಚೆಂಗ್‌ಗಾನ್ 1920ರಿಂದ 1924ರವರೆಗೆ ಜಿಯಾಯೆತಾಂಗ್ ಎಂಬ ಪುಸ್ತಕಭವನ ಕಟ್ಟಿಸಿದ. ಎರಡಂತಸ್ತಿನ ಚೌಕ ಕಟ್ಟಡ, ನಡುವೆ ಪುಸ್ತಕ ಬಿಸಿಲಿಗೆ ಹರಡಲು ಇಟ್ಟಿಗೆ ಹಾಸಿದ ದೊಡ್ಡ ಅಂಗಳ, ಸುತ್ತ ನೀರಿನ ಕಂದಕ. ಬೆಂಕಿಗೂ ಹುಳಕ್ಕೂ ಹೆದರಿ ಕಟ್ಟಿದ ಮನೆ ಎಂದು ನೋಡಿದರೇ ತಿಳಿಯುತ್ತದೆ. ಇಲ್ಲಿ ಒಂದು ತಮಾಷೆಯಿದೆ. ಚೆಂಗ್‌ಗಾನ್ ಪದಚ್ಯುತ ಚಿಂಗ್ ರಾಜಮನೆತನದ ಪರಮ ನಿಷ್ಠಾವಂತ. ಪುಸ್ತಕಭವನದ ಹೆಸರೇ ರಾಜ ಕೊಟ್ಟ ಫಲಕದಿಂದ ಬಂದದ್ದು. ಆದರೆ ತನ್ನ ಖರ್ಚಿನಲ್ಲಿ ಅವನು ಅಚ್ಚು ಹಾಕಿಸಿದ ಪುಸ್ತಕಗಳಲ್ಲಿ ಅದೇ ಚಿಂಗ್ ದೊರೆಗಳು ಹಿಂದೆ ನಿಷೇಧಿಸಿದ್ದವೂ ಇದ್ದವು. ಲೇಖಕ ಲೂ ಶುನ್ ಅವನನ್ನು ಸಾಹುಕಾರನ ಪೆದ್ದ ಮಗ ಎಂದು ಕರೆದ, ಅವನಿಂದ ಉಪಕಾರವಾಯಿತೆಂದೂ ಒಪ್ಪಿಕೊಂಡ.

ಅದೇ ಊರಿನಲ್ಲಿ ಪುಸ್ತಕ ಅಚ್ಚು ಹಾಕಿಸಿದ ತಪ್ಪಿಗೆ ತಲೆಗಳು ಉರುಳಿದ್ದವು. ಹದಿನೇಳನೆಯ ಶತಮಾನದಲ್ಲಿ ನಾನ್‌ಶೂನ್‌ನ ಶ್ರೀಮಂತನ ಮಗ, ಕಣ್ಣು ಕಳೆದುಕೊಂಡಿದ್ದ ಜ್ವಾಂಗ್ ತಿಂಗ್‌ಲೊಂಗ್, ಪಂಡಿತರನ್ನಿಟ್ಟು ಮಿಂಗ್ ವಂಶದ ಇತಿಹಾಸ ಬರೆಸಿದ. ಅವನು ಸತ್ತ ಮೇಲೆ ಪುಸ್ತಕ ಹೊರಬಂತು. ಹೊಸದಾಗಿ ಬಂದಿದ್ದ ಚಿಂಗ್ ಆಡಳಿತಕ್ಕೆ ಅದರಲ್ಲಿ ರಾಜದ್ರೋಹ ಕಂಡಿತು. 1663ರಲ್ಲಿ ಸುಮಾರು 70 ಜನರಿಗೆ ಮರಣದಂಡನೆ: ಬರೆದವರು, ಅಚ್ಚು ಕೊರೆದವರು, ಮಾರಿದವರು ಸಹ. ಜ್ವಾಂಗ್‌ನ ಶವವನ್ನೂ ಹೊರತೆಗೆದು ಶಿಕ್ಷಿಸಿದರು. ಇನ್ನು ಜಿಯಾಯೆತಾಂಗ್ ಪುಸ್ತಕಭವನದ ಪಕ್ಕದಲ್ಲೇ ಲಿಯು ಮನೆತನದ ಕಮಲದ ಕೊಳದ ತೋಟ ಶ್ಯಾವ್‌ಲಿಯಾನ್‌ಜ್ವಾಂಗ್ ಇದೆ; 1885ರಲ್ಲಿ ಶುರುವಾಗಿ ಮುಗಿಯಲು ನಲವತ್ತು ವರ್ಷ ಹಿಡಿಯಿತು. ಚೆನ್ನಾಗಿದೆ. ಆದರೆ ಸಮಯ ಕಡಿಮೆಯಿದ್ದರೆ ನಾನು ಪುಸ್ತಕಭವನವನ್ನೇ ಆರಿಸಿಕೊಳ್ಳುತ್ತೇನೆ.

ಜಾಂಗ್ ಮನೆತನದ ಇನ್ನೊಂದು ಕುಡಿ ಜಾಂಗ್ ಜಿಂಗ್‌ಜಿಯಾಂಗ್ ಹಿಡಿದ ದಾರಿಯೇ ಬೇರೆ. 1902ರಲ್ಲಿ ಪ್ಯಾರಿಸ್ಸಿಗೆ ಹೋಗಿ ಚಹಾ, ರೇಷ್ಮೆ, ಪುರಾತನ ವಸ್ತುಗಳ ಅಂಗಡಿ ಇಟ್ಟ. ಬಂದ ಲಾಭವನ್ನು ಸುನ್ ಯಾತ್ ಸೆನ್‌ನ ಕ್ರಾಂತಿಗೆ ಸುರಿದ. ರೇಷ್ಮೆಯಿಂದ ಎದ್ದ ಒಂದು ಮನೆತನ ರಾಜಸತ್ತೆಯನ್ನು ಕೆಡವಲು ದುಡ್ಡು ಕೊಟ್ಟರೆ ಅದರ ನೆರೆಮನೆಯವರು ರಾಜನ ಫಲಕಕ್ಕೆ ಚೌಕಟ್ಟು ಹಾಕಿಸಿದರು.

ಇಳಿಗಾಲ ನಿಧಾನವಾಗಿಯೇ ಬಂತು. ಅಮೆರಿಕದ ಯಂತ್ರಮಗ್ಗಗಳಿಗೆ ಒಂದೇ ಸಮನಾದ ಎಳೆ ಬೇಕಿತ್ತು. ಮನೆಮನೆಯಲ್ಲಿ ಕೈಯಿಂದ ಬಿಚ್ಚಿದ ನೂಲು, ಎಷ್ಟೇ ಚೆಂದವಿದ್ದರೂ, ಹಾಗಿರುವುದಿಲ್ಲ. ಜಪಾನ್ ಸರ್ಕಾರವೇ ಮುಂದೆ ನಿಂತು ಹಬೆಯಂತ್ರದ ಬಿಚ್ಚಾಣಿಕೆ, ರೋಗವಿಲ್ಲದ ಮೊಟ್ಟೆ, ಗುಣಮಟ್ಟದ ಪರೀಕ್ಷೆ ಎಲ್ಲವನ್ನೂ ತಂದಿತು. 1909ರ ಹೊತ್ತಿಗೆ ರೇಷ್ಮೆ ರಫ್ತಿನಲ್ಲಿ ಚೀನಾವನ್ನು ಹಿಂದೆ ಹಾಕಿತು. ಆಮೇಲೆ ಕೃತಕ ರೇಷ್ಮೆ ಬಂತು, 1929ರ ಆರ್ಥಿಕ ಕುಸಿತ ಬಂತು. 1937ರ ಕೊನೆಗೆ ಜಪಾನಿ ಸೇನೆ ನಾನ್‌ಶೂನ್‌ಗೆ ನುಗ್ಗಿ ಹಲವು ಮನೆಗಳಿಗೆ ಬೆಂಕಿ ಇಟ್ಟಿತು. ಆನೆಗಳ ಮಕ್ಕಳು ಆಗಲೇ ಶಾಂಘೈನಲ್ಲಿದ್ದರು. ಪುಸ್ತಕಭವನವನ್ನು ಚೆಂಗ್‌ಗಾನ್ 1951ರಲ್ಲಿ ಪ್ರಾಂತ್ಯದ ಗ್ರಂಥಾಲಯಕ್ಕೆ ಒಪ್ಪಿಸಿದ.

ಈ ಮನೆಗಳಲ್ಲಿ ಎಲ್ಲರ ಭಾವಚಿತ್ರವಿದೆ, ಹುಳು ಸಾಕಿದವರದು ಮಾತ್ರ ಇಲ್ಲ. ಆ ಖಾಲಿ ಜಾಗ ತುಂಬಲು ಪಕ್ಕದ ವುಜೆನ್ ಊರಿನಲ್ಲಿ ಹುಟ್ಟಿದ ಲೇಖಕ ಮಾವೊ ದುನ್‌ನ ‘ವಸಂತದ ರೇಷ್ಮೆಹುಳು’ ಎಂಬ 1932ರ ಕಥೆ ಓದಬೇಕು. ಸಾಲ ಮಾಡಿ ಸೊಪ್ಪು ಕೊಂಡು, ನಿದ್ದೆಗೆಟ್ಟು ಹುಳು ಮೇಯಿಸಿದ ಒಂದು ಕುಟುಂಬಕ್ಕೆ ಆ ವರ್ಷ ಭರ್ಜರಿ ಗೂಡು ಬರುತ್ತದೆ. ಅಷ್ಟರಲ್ಲಿ ಕೊಳ್ಳುವ ಕಾರ್ಖಾನೆಗಳು ಬಾಗಿಲು ಹಾಕಿರುತ್ತವೆ. ಫಸಲು ಹೆಚ್ಚಾಗಿ ಸಾಲ ಬೆಳೆಯುತ್ತದೆ. ರಾಮನಗರ, ಶಿಡ್ಲಘಟ್ಟದ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ; ಚೀನಾದ ಅಗ್ಗದ ನೂಲು ಆಮದಾದ ವರ್ಷಗಳಲ್ಲಿ ಗೂಡಿನ ದರ ಬಿದ್ದ ಪೆಟ್ಟನ್ನು ಅವರೂ ತಿಂದಿದ್ದಾರೆ.

ಉಳಿದ ನೀರೂರುಗಳ ಬಗ್ಗೆ ಎರಡು ಮಾತು. ಜೋಜ್ವಾಂಗ್ ಎಲ್ಲಕ್ಕಿಂತ ಪ್ರಸಿದ್ಧ. ಚೆನ್ ಯಿಫೇ ಎಂಬ ಚಿತ್ರಕಾರ ಅಲ್ಲಿನ ಅವಳಿ ಸೇತುವೆಯನ್ನು ಬರೆದ ಚಿತ್ರವನ್ನು ಅಮೆರಿಕದ ಉದ್ಯಮಿ ಆರ್ಮಂಡ್ ಹ್ಯಾಮರ್ ಕೊಂಡು, 1984ರಲ್ಲಿ ದೆಂಗ್ ಶ್ಯಾವೊಪಿಂಗ್‌ಗೆ ಉಡುಗೊರೆ ಕೊಟ್ಟ ಮೇಲೆ ಊರಿನ ಹಣೆಬರಹ ಬದಲಾಯಿತು. ಅದೇ ದಶಕದಲ್ಲಿ ತೊಂಗ್‌ಜಿ ವಿಶ್ವವಿದ್ಯಾಲಯದ ರುವಾನ್ ಯಿಸಾನ್ ಅಲ್ಲಿಗೆ ಸಂರಕ್ಷಣೆಯ ಯೋಜನೆ ಮಾಡಿಕೊಡದೆ ಇದ್ದಿದ್ದರೆ ಸೇತುವೆಯ ಪಕ್ಕದಲ್ಲಿ ಏನೇನು ಎದ್ದಿರುತ್ತಿತ್ತೋ. ಈಗ ಅಲ್ಲಿ ಶೆನ್ ವಾನ್‌ಸಾನ್ ಎಂಬ ಹದಿನಾಲ್ಕನೆಯ ಶತಮಾನದ ಕುಬೇರನ ಹೆಸರಿನಲ್ಲಿ ಹಂದಿ ಕಾಲಿನ ಅಡುಗೆ ಬೀದಿ ತುಂಬ ಬಿಕರಿಯಾಗುತ್ತದೆ. ಶೆನ್ ಮನೆಯನ್ನು ಅವನದೇ ಎಂಬಂತೆ ನೋಡಿ ಬರುವವರೇ ಹೆಚ್ಚು. ಅದನ್ನು ಕಟ್ಟಿಸಿದ್ದು 1742ರಲ್ಲಿ, ಅವನ ವಂಶಸ್ಥನೊಬ್ಬ. ಮೂರೂವರೆ ಶತಮಾನದ ಅಂತರ. ಜೋಜ್ವಾಂಗ್‌ನಲ್ಲಿ ನಿಜಕ್ಕೂ ಹಳೆಯದು ಜಾಂಗ್ ಮನೆ, ಮಿಂಗ್ ಕಾಲದ್ದು. ಮನೆಯೊಳಗೇ ಸಣ್ಣ ಕಾಲುವೆಯೊಂದು ಹಾಯುತ್ತದೆ, ದೋಣಿ ತಿರುಗಿಸಲು ಕೊಳವೂ ಇದೆ. ವುಜೆನ್‌ನ ಪಶ್ಚಿಮ ಭಾಗ ಅಚ್ಚುಕಟ್ಟು, ರಾತ್ರಿ ದೀಪದಲ್ಲಿ ಸೊಗಸು. ಆದರೆ ಅಲ್ಲಿದ್ದ ನಿವಾಸಿಗಳನ್ನು ಎಬ್ಬಿಸಿ ಕಂಪನಿಯೊಂದು ನಡೆಸುವ ವಿಹಾರಧಾಮ ಮಾಡಿದ್ದಾರೆ. ಕಿಟಕಿಯಲ್ಲಿ ಒಣಗಲು ಹಾಕಿದ ಬಟ್ಟೆ ಕಾಣುವುದಿಲ್ಲ. ನಾನ್‌ಶೂನ್‌ನಲ್ಲಿ, ಅದರಲ್ಲೂ ಮಿಂಗ್ ಕಾಲದ ಮಂತ್ರಿಯೊಬ್ಬ ಮನೆಯ ಊಳಿಗದವರಿಗೆಂದು ಕಟ್ಟಿಸಿದ ಬಾಯ್‌ಜಿಯಾನ್‌ಲೋ ಎಂಬ ನದಿದಂಡೆಯ ಸಾಲುಮನೆಗಳಲ್ಲಿ, ಈಗಲೂ ಸಂಸಾರಗಳಿವೆ. ಮುದುಕಿಯರು ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಾರೆ. ಕ್ಯಾಮೆರಾ ಅವರ ಮುಖಕ್ಕೆ ಹಿಡಿಯದಿರುವುದು ಒಳ್ಳೆಯದು.

ಹೋಗುವುದು ಈಗ ಸುಲಭ. 2024ರ ಡಿಸೆಂಬರ್‌ನಲ್ಲಿ ಶಾಂಘೈ–ಸುಜೋ–ಹೂಜೋ ವೇಗದ ರೈಲುದಾರಿ ತೆರೆದು ನಾನ್‌ಶೂನ್‌ಗೂ ನಿಲ್ದಾಣ ಬಂದಿದೆ. ಬೆಳಗ್ಗೆ ಬಂದು ಸಂಜೆ ಮರಳುವವರ ದಂಡು ಮಧ್ಯಾಹ್ನ ದಟ್ಟವಾಗುತ್ತದೆ. ಒಂದು ರಾತ್ರಿ ತಂಗುವುದು ಮೇಲು. ಹುಳು ಸಾಕಣೆಯ ಗುರುತು ಬೇಕೆಂದರೆ ಏಪ್ರಿಲ್ ಮೊದಲ ವಾರ, ಅಲ್ಲಿಯವರು ಹಿರಿಯರ ಸಮಾಧಿಗೆ ಹೋಗುವ ಚಿಂಗ್‌ಮಿಂಗ್ ಹಬ್ಬದ ಹೊತ್ತಿಗೆ ಹೋಗಿ. ನಾನ್‌ಶೂನ್ ಜಿಲ್ಲೆಯದೇ ಆದ ಹಾನ್‌ಶಾನ್ ಗುಡ್ಡದಲ್ಲಿ ಆಗ ರೇಷ್ಮೆಹೂವಿನ ಜಾತ್ರೆ ನಡೆಯುತ್ತದೆ. ಹುಳು ಚೆನ್ನಾಗಿ ಬರಲೆಂದು ಹೆಂಗಸರು ಮುಡಿಗೆ ಕಾಗದದ ಹೂ ಸಿಕ್ಕಿಸಿಕೊಂಡು ಗುಡ್ಡ ಹತ್ತುತ್ತಾರೆ. ಮೀನಿನ ಕೆರೆ, ಹಿಪ್ಪುನೇರಳೆಯ ಏರಿ ನೋಡಲು ಅದೇ ಜಿಲ್ಲೆಯ ದಿಗಾಂಗ್ ಹಳ್ಳಿಗೆ ಅರ್ಧ ದಿನ ಇಟ್ಟುಕೊಳ್ಳಿ. ಸಾಧ್ಯವಾದರೆ ದೊಡ್ಡಮನೆಗಳಿಗೆ ಹೋಗುವ ಮೊದಲೇ ಅಲ್ಲಿಗೆ ಹೋಗಿ ಬನ್ನಿ.